ಕಾಲಡಿಯ ಎರಡು ಪೆಟ್ಟಿಗೆ

ಹಗಲಲ್ಲಿ ನಾನು ಸಾಲಗಾಮೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸಂಜೆಯಾದರೆ ಹಾಸನದ ಒಂದು ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್. ‘ಲೀಡ್’ ಅನ್ನೋದು ಬ್ಯಾನರಿನಲ್ಲಿ ಮಾತ್ರ. ನಿಜವಾಗಿ ಲೀಡ್ ಮಾಡುವವರು ನಮ್ಮ ಕೀಬೋರ್ಡಿನವರು. ತಂಡ ಅವರದ್ದು, ವ್ಯಾನು ಅವರದ್ದು, ಕೊನೆಯ ಮಾತೂ ಅವರದ್ದೇ. ಗಣೇಶನ ಹಬ್ಬ ಬಂತೆಂದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಪೆಂಡಾಲ್ ಸುತ್ತುತ್ತೇವೆ. ನುಡಿಸುವುದರಲ್ಲಿ ನಾನೇನು ಮಹಾ ಪೈಲ್ವಾನನಲ್ಲ. ಆದರೆ ಗಿಟಾರ್ ಹೆಗಲಿಗೇರಿಸಿ ನಿಂತರೆ ನನ್ನ ಹೊಟ್ಟೆ ಅದರ ಹಿಂದೆ ಮರೆಯಾಗುತ್ತದೆ, ಆ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹೋದ ವರ್ಷ ಹಬ್ಬಕ್ಕೆ ಮುಂಚೆ ಕೀಬೋರ್ಡಿನವರು ಹೊಸ ಕೀಬೋರ್ಡ್ ತಂದರು. ಪ್ರಾಕ್ಟೀಸಿನಲ್ಲಿ ಒಂದು ಬಟನ್ ಒತ್ತಿ ಬಾರಿಸಿದರು ನೋಡಿ, ಅಯ್ಯೋ ಶಿವನೇ, ಥೇಟ್ ಎಲೆಕ್ಟ್ರಿಕ್ ಗಿಟಾರ್!

“ಕೇಳುದ್ರಾ ಮೇಷ್ಟ್ರೇ? ಡಿಸ್ಟಾರ್ಷನ್ ಗಿಟಾರು ಇದ್ರಲ್ಲೇ ಐತೆ” ಎಂದರು. ಆಮೇಲೆ ನನ್ನ ಮುಖ ನೋಡದೆ, “ಬೇಜಾರ್ ಮಾಡ್ಕಬ್ಯಾಡಿ. ಹೊಳೆನರಸೀಪುರದ ಪ್ರೋಗ್ರಾಮ್ ಒಂದು ನೋಡ್ಬುಟ್ಟು ಏಳ್ತೀನಿ” ಎಂದರು.

ಏನು ಹೇಳುತ್ತಾರೆಂದು ಬಿಡಿಸಿ ಹೇಳಬೇಕೆ? ಗಿಟಾರಿನವನು ಇನ್ನು ಬೇಡ ಅಂತ. ಆ ಜಾಗ ಹೋದರೆ ನಾನು ಬರೀ ಗಣಿತದ ಮೇಷ್ಟ್ರು. ಗಣಿತದ ಮೇಷ್ಟ್ರಿಗೆ ಸಿಳ್ಳೆ ಹೊಡೆದವರನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ.

ಚನ್ನರಾಯಪಟ್ಟಣದಲ್ಲಿ ನನ್ನ ಹಳೆಯ ಗೆಳೆಯನೊಬ್ಬನಿದ್ದಾನೆ. ಹಿಂದೆ ಗಿಟಾರ್ ನುಡಿಸುತ್ತಿದ್ದವನು ಈಗ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಭಾನುವಾರ ಬಸ್ಸು ಹತ್ತಿ ಹೋಗಿ ಅವನ ಮುಂದೆ ಗೋಳು ತೋಡಿಕೊಂಡೆ. ಅವನು ಒಳಗಿನಿಂದ ಅಂಗೈಯಗಲದ ಎರಡು ಪೆಟ್ಟಿಗೆ ತಂದಿಟ್ಟ. ಇವಕ್ಕೆ ಪೆಡಲ್ ಎನ್ನುತ್ತಾರೆ. ಗಿಟಾರಿನ ವೈರು ಇದರೊಳಗೆ ಹೊಕ್ಕು ಹೊರಗೆ ಬರುತ್ತದೆ. ಕಾಲಲ್ಲಿ ಒತ್ತಿದರೆ ಕೆಂಪು ದೀಪ ಹತ್ತಿ ಸ್ವರ ಒರಟಾಗುತ್ತದೆ. ಒಂದು ಡಿಸ್ಟಾರ್ಷನ್: ಸಿಟ್ಟು ಬಂದರೂ ಹದ ತಪ್ಪದ ಸ್ವರ. ಇನ್ನೊಂದು ಫಜ್: ಸಿಟ್ಟಿನಲ್ಲಿ ಅಂಗಿ ಹರಿದುಕೊಂಡ ಸ್ವರ.

“ಒಂದು ಇಟ್ಕ, ಒಂದು ವಾಪಸ್ ಕೊಡು. ನೀನು ಆಂಪ್ಲಿಫೈಯರ್ ಇಲ್ದೆ ಸೀದಾ ಸೌಂಡ್ಸಿನೋರ ಮಿಕ್ಸರಿಗೇ ವೈರು ಕೊಡೋದಲ್ವಾ? ಫಜ್ ಅಲ್ಲಿ ಕೆಟ್ಟದಾಗಿ ಕೇಳುತ್ತೆ. ಡಿಸ್ಟಾರ್ಷನ್ನೇ ಇಟ್ಕ ಕಣ್ಲಾ” ಎಂದ.

ಬುದ್ಧಿಮಾತು ಯಾರಿಗೆ ಬೇಕು? ಬಸ್ಸಿನಲ್ಲಿ ವಾಪಸು ಬರುತ್ತಾ ಪ್ರಮೇಯ ಸಾಧಿಸಿದೆ. ಡಿಸ್ಟಾರ್ಷನ್ ಕೀಬೋರ್ಡಿನಲ್ಲಿ ಉಂಟು. ಫಜ್ ಇಲ್ಲ. ಆದ್ದರಿಂದ ಫಜ್ ನುಡಿಸುವವನನ್ನು ಯಾರೂ ತೆಗೆಯಲಾರರು. ಸಾಧಿಸಿದ್ದಾಯಿತು! ಮನೆಯಲ್ಲಿ ಸಣ್ಣ ಆಂಪ್ಲಿಫೈಯರಿಗೆ ಎರಡನ್ನೂ ಹಾಕಿ ನೋಡಿದೆ. ಡಿಸ್ಟಾರ್ಷನ್ನಿಗೆ ನನ್ನ ಹೆಂಡತಿ ಏನೂ ಅನ್ನಲಿಲ್ಲ. ಫಜ್ ಒತ್ತಿದಾಗ ಅಡುಗೆಮನೆಯಿಂದ ಬಂದು, “ಏನ್ರೀ ಅದು, ಮಿಕ್ಸಿ ಜಾರೊಳಕ್ಕೆ ಚಮಚ ಬಿದ್ದಂಗೆ?” ಎಂದು ಟಿವಿ ಸೌಂಡು ಏರಿಸಿದಳು. ನನಗೋ, ತರ್ಕ ಗಿರ್ಕ ಎಲ್ಲ ಆಚೆಗಿಟ್ಟರೂ, ಅದು ನಿಜವಾಗಿ ಹಿಡಿಸಿಬಿಟ್ಟಿತ್ತು. ಒಂದು ತಂತಿ ಮೀಟಿದರೆ ಸಾಕು, ಎದೆಗೂಡೆಲ್ಲ ಗುಂಯ್ ಎನ್ನುತ್ತಿತ್ತು.

ಹೊಳೆನರಸೀಪುರದ ಪೆಂಡಾಲು ತುಂಬಿತ್ತು. ಮೂರನೆಯ ಹಾಡಿನ ನಡುವೆ ಗಿಟಾರಿನ ತುಣುಕೊಂದಿದೆ. ರಸಮಂಜರಿ ಕೇಳುವವರು ಹಾಡುಗಾರರನ್ನಾದರೂ ಕ್ಷಮಿಸುತ್ತಾರೆ, ಇಂಥ ತುಣುಕು ಹೆಚ್ಚುಕಡಿಮೆಯಾದರೆ ಬಿಡುವುದಿಲ್ಲ. ಫಜ್ ಒತ್ತಿದೆ, ಕಣ್ಣು ಮುಚ್ಚಿ ಘರ್ರೆಂದು ಎಳೆದೆ. ಕಣ್ಣು ತೆರೆಯುವಷ್ಟರಲ್ಲಿ ನನ್ನ ಸದ್ದೇ ಇಲ್ಲ! ಸೌಂಡ್ಸಿನವನು ನನ್ನ ಲೈನನ್ನು ಪೂರ್ತಿ ಇಳಿಸಿ, ಸ್ಟೇಜಿನ ಮೇಲಕ್ಕೆ ಓಡಿ ಬರುತ್ತಿದ್ದ.

“ತೆಗೀರಿ ಸಾ ವೈರು! ನನ್ ಸ್ಪೀಕರ್ ಅರ್ದೋಯ್ತು!”

“ಹರಿದಿಲ್ಲ ಕಣಪ್ಪಾ, ಅದರ ಸೌಂಡೇ ಹಾಗೆ.”

“ಬೇಕೂಂತ ಯಾರಾದ್ರೂ ಅಂಗ್ ಮಾಡ್ಕತಾರಾ ಸಾ?” ಎಂದವನೇ ವೈರು ಕಿತ್ತು, ಸುತ್ತಿ, ಹೆಗಲಿಗೆ ಹಾಕಿಕೊಂಡು ಇಳಿದೇಹೋದ.

ಕೀಬೋರ್ಡಿನವರು ತಮ್ಮ ಬಟನ್ ಒತ್ತಿ ನನ್ನ ತುಣುಕನ್ನು ಮುಂದುವರಿಸಿದರು. ಜನರೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಏನು ಮಾಡಲಿ? ಬೆರಳಾಡಿಸಿದೆ. ತಪ್ಪು ಸ್ವರ ಬಿದ್ದೀತೆಂಬ ಭಯವೇ ಇಲ್ಲವಲ್ಲ, ಧೈರ್ಯ ಏರಿತು. ಹಿಂದಕ್ಕೆ ಬಾಗಿದೆ, ತಲೆ ಕೊಡವಿದೆ, ಈ ವಯಸ್ಸಿನಲ್ಲಿ ಮಂಡಿಯೂರಿದೆ. ಪೆಂಡಾಲು ಕಿತ್ತುಹೋಗುವಂತೆ ಸಿಳ್ಳೆ! “ಗಿಟಾರ್ ಸಾ, ಒನ್ಸ್ ಮೋರ್!” ನಿಜಕ್ಕೂ ನುಡಿಸಿದ ಅಷ್ಟು ವರ್ಷಗಳಲ್ಲಿ ಒಬ್ಬನೂ ಹಾಗೆ ಕೂಗಿರಲಿಲ್ಲ. ಮಂಡಿಯಿಂದ ಏಳಲು ಹಾಡುಗಾರರ ಕೈ ಹಿಡಿಯಬೇಕಾಯಿತು, ಅದಕ್ಕೂ ಚಪ್ಪಾಳೆ ಬಂತು.

ವಾಪಸಾಗುವಾಗ ವ್ಯಾನಿನಲ್ಲಿ ಕೀಬೋರ್ಡಿನವರು ನನ್ನ ಪಕ್ಕ ಬಂದು ಕೂತರು. “ಮೇಷ್ಟ್ರೇ, ನೀವು ಬರ್ಲೇಬೇಕು. ಕಮಿಟಿಯೋರು ಮೊದ್ಲು ಕೇಳೋದೇ ಸ್ಟೇಜ್ ಮ್ಯಾಲೆ ಎಷ್ಟು ಜನ ಇರ್ತೀರಾ ಅಂತ. ಅದೂ ಅಲ್ದೆ ಕೀಬೋರ್ಡ್ ಇಟ್ಕಂಡು ಮಂಡಿ ಊರಕ್ಕಾಯ್ತದಾ? ವೈರು ಒಂದು ಬ್ಯಾಡ, ಅಷ್ಟೇಯ.”

ಜಾಗ ಉಳಿಯಿತು. ನಾನು ನಕ್ಕೆ, ಥ್ಯಾಂಕ್ಸ್ ಅಂದೆ. ಕಿಟಕಿ ಕಡೆ ತಿರುಗಿದಾಗ ಮಾತ್ರ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಅರಕಲಗೂಡಿನಲ್ಲಿ ವೈರಿನ ತುದಿಯನ್ನು ಡ್ರಮ್ಸಿನ ಹಿಂದೆ ಬಚ್ಚಿಟ್ಟು ಎರಡು ಸಲ ಮಂಡಿಯೂರಿದೆ. ಗೆಳೆಯ ಫೋನು ಮಾಡಿ, “ಕೊನೆಗೆ ಯಾವ್ದು ಇಟ್ಕಂಡೆ?” ಎಂದು ಕೇಳಿದ.

“ಫಜ್.”

“ಯಾಕ್ಲಾ?”

“ಅದರ ದೀಪ ದೊಡ್ಡದು. ದೂರಕ್ಕೂ ಕಾಣುತ್ತೆ.”

ಮಾರನೆಯ ಸಂಜೆ ಹೆಂಡತಿ ಮೊಬೈಲಿನಲ್ಲಿ ಅರಕಲಗೂಡಿನ ವಿಡಿಯೋ ನೋಡುತ್ತಿದ್ದಳು. ನನ್ನ ಬಗ್ಗೆ ಅವಳ ಮುಖದಲ್ಲಿ ಅಂಥ ಹೆಮ್ಮೆ ನಾನು ಮದುವೆಯ ಫೋಟೋದಲ್ಲೂ ಕಂಡಿಲ್ಲ. “ಎಷ್ಟು ಚೆನ್ನಾಗಿ ನುಡಿಸಿದ್ದೀರ್ರೀ! ಮನೇಲಿ ಯಾಕೆ ಇಂಗೆ ನುಡಿಸಲ್ಲ?”

ಎದ್ದು ಕೋಣೆಗೆ ಹೋದೆ. ಬಾಗಿಲು ಹಾಕಿಕೊಂಡು, ವೈರು ಚುಚ್ಚಿ, ಫಜ್ ಒತ್ತಿ ಒಂದು ತಂತಿ ಮೀಟಿದೆ. ಆಚೆ ಟಿವಿ ಸೌಂಡು ಏರಿತು.