ಚಿಲ್ಲರೆ ಇಂಗ್ಲಿಷು

ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತ ಆರು ದಿನಗಳ ಬಗ್ಗೆ ಬರೆಯುತ್ತಿದ್ದೇನೆ. ಬರೆಯುವಾಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ.

ಕೊಂಡಾಪುರದಲ್ಲಿ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ನಾನು ಇಂಗ್ಲಿಷ್ ಮಾತಾಡುವುದನ್ನು ಹೇಳಿಕೊಡುತ್ತೇನೆ. ಬರುವವರೆಲ್ಲ ಕೆಲಸದಲ್ಲಿರುವ ಚಿಕ್ಕ ವಯಸ್ಸಿನವರು. ದೊಡ್ಡ ಪದಗಳೆಂದರೆ ಅವರಿಗೆ ಭಯವಿಲ್ಲ, ‘ಇಂಪ್ಲಿಮೆಂಟೇಶನ್’ ಅನ್ನುವುದನ್ನು ನೀರು ಕುಡಿದಷ್ಟು ಸುಲಭವಾಗಿ ಅನ್ನುತ್ತಾರೆ. ಒದ್ದಾಡುವುದೆಲ್ಲ ಪುಟ್, ಗೆಟ್, ಟೇಕ್, ಕಮ್ ಎಂಬ ಪುಟಾಣಿ ಕ್ರಿಯಾಪದಗಳ ಹತ್ತಿರ. ಪುಟ್ ಅಂದರೆ ಇಡು, ಸರಿ. ಅದರ ಬಾಲಕ್ಕೆ ಆಫ್ ಸೇರಿದರೆ ಮುಂದೂಡು, ಔಟ್ ಸೇರಿದರೆ ಬೆಂಕಿ ಆರಿಸು, ಅಪ್ ಮತ್ತು ವಿತ್ ಎರಡೂ ಸೇರಿದರೆ ಸಹಿಸಿಕೋ. ಯಾಕೆ ಹೀಗೆ ಮೇಡಂ ಎಂದು ಕೇಳುತ್ತಾರೆ. ಕನ್ನಡದಲ್ಲೂ ಹೇಳಿಕೊಡು ಬೇರೆ, ಹೇಳಿಕೋ ಬೇರೆ, ಹೇಳಿಬಿಡು ಬೇರೆ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ. ಅವರಿಗೆ ಮಾತ್ರ, ಸುಮ್ಮನೆ ಬಾಯಿಪಾಠ ಮಾಡಿ ಎನ್ನುತ್ತೇನೆ.

ನನಗೆ ಇಂಗ್ಲಿಷ್ ಕಲಿಸಿದವರು ಅಪ್ಪ. ಕಲಬುರಗಿ ಕಡೆಯಿಂದ ತೆಲುಗು ಸೀಮೆಯ ಈ ಊರಿಗೆ ಬಂದು ಸರ್ಕಾರಿ ಕಚೇರಿಯಲ್ಲಿ ಪತ್ರಗಳ ಡ್ರಾಫ್ಟ್ ಬರೆಯುತ್ತಲೇ ಸರ್ವಿಸ್ ಮುಗಿಸಿದವರು. ಈಗ ಇದೇ ಊರಿನ ಲಿಂಗಂಪಲ್ಲಿಯಲ್ಲಿ ನನ್ನ ಜೊತೆಗಿದ್ದಾರೆ. ಅವರ ಕಚೇರಿಯಲ್ಲಿ ಒಬ್ಬರು ಡ್ರಾಫ್ಟ್ ಬರೆದರೆ ಇನ್ನೊಬ್ಬರು ತಪಾಸಣೆ ಮಾಡಿ ಮೂಲೆಯಲ್ಲಿ ಸಣ್ಣ ಸಹಿ ಹಾಕಬೇಕಿತ್ತಂತೆ. ನನ್ನ ಶಾಲೆಯ ರಜೆ ಚೀಟಿಗಳಿಗೂ ಅದೇ ಕಾನೂನು. ನಾನು ಬರೆಯಬೇಕು, ಅಪ್ಪ ಕೆಂಪು ಪೆನ್ಸಿಲಿನಲ್ಲಿ ತಿದ್ದಬೇಕು, ಮೂಲೆಯಲ್ಲಿ ಅವರ ಸಣ್ಣ ಸಹಿ ಬೀಳಬೇಕು. ಅವರದು ತೂಕದ ಇಂಗ್ಲಿಷು: ಪೋಸ್ಟ್‌ಪೋನ್, ಟಾಲರೇಟ್, ಡಿಸ್‌ಕಂಟಿನ್ಯೂ. ಒಂದು ಕೆಲಸಕ್ಕೆ ಒಂದು ಪದ. ನಾನು ಕಲಿಸುವುದನ್ನು ಕಂಡರೆ ಅವರಿಗೆ ತಾತ್ಸಾರ. “ಇದು ಚಿಲ್ಲರೆ ಇಂಗ್ಲಿಷ್ ಐತಿ. ಫೈಲಿನ್ಯಾಗ ಬರ್ಯಾಕ ಬರೂದಿಲ್ಲ” ಎನ್ನುತ್ತಿದ್ದರು.

ಒಮ್ಮೆ ಮನೆಗೆ ಬಂದ ಬೀಗರ ಮುಂದೆ ಅಪ್ಪ ಏನೋ ಇಂಗ್ಲಿಷಿನಲ್ಲಿ ಹೇಳಿದರು. ಈಗ ಹಾಗೆ ಯಾರೂ ಅನ್ನುವುದಿಲ್ಲ ಎಂದು ನಾನು ನಕ್ಕು ತಿದ್ದಿದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ದಿನವೂ ಬೆಳಿಗ್ಗೆ ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದವರು ಅಂದಿನಿಂದ ಮನಸ್ಸಿನಲ್ಲೇ ಓದತೊಡಗಿದರು. ಆ ದನಿ ಮನೆಗೆ ಮರಳಲು ಒಂದು ವರ್ಷ ಹಿಡಿಯಿತು. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂಬುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದ್ದ ಪಾಠ. ಅಂದು ಅದು ನನ್ನ ನಾಲಿಗೆಗೆ ಬರೆ ಹಾಕಿದಂತಾಯಿತು.

ಕಳೆದ ವರ್ಷ ಅಪ್ಪನಿಗೆ ಹರ್ನಿಯಾ ಆಪರೇಷನ್ ಎಂದಾಯಿತು. ಮುಂದಿನ ಬುಧವಾರ ಆಪರೇಷನ್, ಅದಕ್ಕೆ ಎಂಟು ದಿನ ಮೊದಲು, ಮಂಗಳವಾರ, ಡಾಕ್ಟರನ್ನು ನೋಡಲು ಹೋದೆವು. ಎಳೆ ವಯಸ್ಸಿನ ಡಾಕ್ಟರು. ಒಂದು ಕಾಲು ಬಾಗಿಲ ಹೊರಗಿಟ್ಟೇ ಮಾತಾಡಿದರು. ಚೀಟಿಯಲ್ಲಿದ್ದ ಎರಡು ಮಾತ್ರೆಗಳ ಹೆಸರಿನ ಮೇಲೆ ಪೆನ್ನು ಆಡಿಸುತ್ತ, “ಕಮ್ ಆಫ್ ದಿಸ್ ಒನ್ ಫ್ರಮ್ ಫ್ರೈಡೇ ಸರ್, ಬಟ್ ಸ್ಟೇ ಆನ್ ದಿ ಅದರ್” ಅಂದರು. ಮೊದಲನೆಯದು ರಕ್ತ ತೆಳುವಾಗಿಸುವ ಮಾತ್ರೆ, ಅದನ್ನು ಶುಕ್ರವಾರದಿಂದ ನಿಲ್ಲಿಸಿ. ಎರಡನೆಯದು ಬಿಪಿಯದು, ಅದು ನಡೆಯಲಿ. ನಿಲ್ಲಿಸದಿದ್ದರೆ ಆಪರೇಷನ್ನಿನಲ್ಲಿ ರಕ್ತ ನಿಲ್ಲುವುದು ಕಷ್ಟ. ನನಗೆ ಪೂರ್ತಿ ಅರ್ಥವಾಯಿತು. ಅಪ್ಪ ಬೆನ್ನು ನೆಟ್ಟಗೆ ಮಾಡಿ, “ಸರ್ಟನ್‌ಲಿ, ಡಾಕ್ಟರ್, ಸರ್ಟನ್‌ಲಿ” ಅಂದರು. ಅರ್ಥವಾಗದಿದ್ದಾಗ ಅಪ್ಪ ಎರಡು ಸಲ ಸರ್ಟನ್‌ಲಿ ಅನ್ನುತ್ತಾರೆ ಎಂಬುದು ನನಗೆ ಗೊತ್ತು. ಅವರ ಹಿಂದಿನ ಕುರ್ಚಿಯಲ್ಲಿ ಕೂತಿದ್ದ ನಾನು ಬ್ಯಾಗಿನ ಜಿಪ್ಪನ್ನು ಎಳೆದೆ, ಮುಚ್ಚಿದೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಆಟೋದಲ್ಲಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, “ಡಾಕ್ಟರ್ ಭಾಳ ಶಾಣ್ಯಾ ಅದಾನ. ನನ್ನ ಕೂಡ ಇಂಗ್ಲಿಷಿನ್ಯಾಗ ಮಾತಾಡಿದ, ನೋಡಿದಿಲ್ಲೊ?” ಅಂದರು. ಮುಖ ಅರಳಿತ್ತು. ನಾನು ಹೂಂರಿ ಅಂದೆ. ಶುಕ್ರವಾರಕ್ಕೆ ಇನ್ನೂ ಮೂರು ದಿನವಿತ್ತು.

ಶುಕ್ರವಾರ ಬಂತು. ತಿಂಡಿಯ ತಟ್ಟೆ ಎತ್ತುತ್ತ, “ಅಪ್ಪಾ, ಮಾತ್ರಿ ಹೆಂಗ ತಗೊಳ್ಳಾಕತ್ತೀರಿ?” ಎಂದು ಸುತ್ತಿ ಬಳಸಿ ಕೇಳಿದೆ. “ಡಾಕ್ಟರ್ ಹೇಳಿದಂಗ” ಎಂಬ ಉತ್ತರ ಬಂತು. ಶನಿವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಭಾನುವಾರ ಮೂರನೇ ಸಲ ಕೇಳಿದಾಗ ಪೇಪರಿನಿಂದ ಕಣ್ಣೆತ್ತಿ, “ನಾ ಏನ್ ಸಣ್ಣ ಕೂಸೇನು?” ಅಂದರು. ಆಸ್ಪತ್ರೆಯವರು ಮತ್ತೆ ಕೇಳಿಯೇ ಕೇಳುತ್ತಾರೆ ಎಂದು ಧೈರ್ಯ ತಂದುಕೊಳ್ಳುತ್ತಿದ್ದೆ. ಮರುಕ್ಷಣವೇ, ಅವರೂ ಇದೇ ಇಂಗ್ಲಿಷಿನಲ್ಲಿ ಕೇಳಿ ಅಪ್ಪ ಸರ್ಟನ್‌ಲಿ ಅಂದುಬಿಟ್ಟರೆ ಎಂಬ ಭಯ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ‘ಕಮ್’ ಎಂದು ಬರೆದವಳು ಮುಂದೆ ಬರೆಯಲಾರದೆ ಒರೆಸಿ, ಆ ದಿನ ‘ಟೇಕ್’ ಹೇಳಿಕೊಟ್ಟೆ.

ಸೋಮವಾರ ಬೆಳಿಗ್ಗೆ ಅಪ್ಪ ಸ್ಟೇಷನ್ ಕಡೆಗೆ ತರಕಾರಿಗೆಂದು ಹೋದಾಗ ಅವರ ಮೇಜಿನ ಡ್ರಾಯರ್ ಎಳೆದೆ. ಹುಟ್ಟಿದಾಗಿನಿಂದ ನಾನು ಮುಟ್ಟದ ಡ್ರಾಯರು. ಮೇಲೆಯೇ ನನ್ನ ಕ್ಲಾಸಿನ ಜೆರಾಕ್ಸ್ ಹಾಳೆಗಳಿದ್ದವು. ಯಾವಾಗ ಎತ್ತಿಟ್ಟುಕೊಂಡಿದ್ದರೋ. ಒಂದೊಂದು ಚಿಲ್ಲರೆ ಕ್ರಿಯಾಪದದ ಮುಂದೆ ಕೆಂಪು ಪೆನ್ಸಿಲಿನಲ್ಲಿ ತಮ್ಮ ತೂಕದ ಪದ ಬರೆದಿದ್ದರು. ಪುಟ್ ಆಫ್‌ಗೆ ಪೋಸ್ಟ್‌ಪೋನ್. ಪುಟ್ ಅಪ್ ವಿತ್‌ಗೆ ಟಾಲರೇಟ್, ಅದರ ಪಕ್ಕದಲ್ಲಿ ‘ಇಷ್ಟು ಸಾಕು’. ನಗು ಬಂತು. ಪಟ್ಟಿಯಲ್ಲಿ ಕೆಳಗಿಳಿದೆ. ಕಮ್ ಆಫ್ ಮುಂದಿನ ಜಾಗ ಖಾಲಿಯಿತ್ತು.

ಹಾಳೆಗಳ ಕೆಳಗೆ ಮಾತ್ರೆಗಳು. ಸ್ಟ್ರಿಪ್ಪಿನಲ್ಲಿ ಪ್ರತಿ ಮಾತ್ರೆಯ ಹಿಂದೆ ಪೆನ್ನಿನಲ್ಲಿ ವಾರದ ಹೆಸರು ಬರೆದಿಡುವುದು ಅಪ್ಪನ ಪದ್ಧತಿ. ರಕ್ತ ತೆಳುವಾಗಿಸುವ ಮಾತ್ರೆಯ ಸ್ಟ್ರಿಪ್ಪಿನಲ್ಲಿ ಶುಕ್ರ ಒಡೆದಿತ್ತು. ಶನಿ ಒಡೆದಿತ್ತು. ಭಾನು, ಸೋಮ ಎರಡೂ ಒಡೆದಿದ್ದವು. ನಾನು ಅಪ್ಪನ ಕುರ್ಚಿಯಲ್ಲೇ ಕೂತುಬಿಟ್ಟೆ.

ಅಪ್ಪ ಬಂದಾಗಲೂ ಅಲ್ಲೇ ಇದ್ದೆ, ಮಾತ್ರೆಯ ಸ್ಟ್ರಿಪ್ಪು ಕೈಯಲ್ಲೇ ಇತ್ತು. ಅವರು ಮೊದಲು ಡ್ರಾಯರ್ ನೋಡಿದರು, ಆಮೇಲೆ ನನ್ನನ್ನು.

“ಇದನ್ನ ಶುಕ್ರವಾರದಿಂದ ಬಂದ್ ಮಾಡ್ರಿ ಅಂತ ಡಾಕ್ಟರ್ ಹೇಳಿದ್ರಿ ಅಪ್ಪಾ.”

“ಚೀಟಿಯಾಗ ಬಂದ್ ಅಂತ ಎಲ್ಲೈತಿ? ಎರಡೂ ಮಾತ್ರಿ ಬರದಾರ. ಬರದ ಕೊಟ್ಟಿದ್ದನ್ನ, ಬ್ಯಾಡ ಅಂತ ಬರದ ಕೊಡದ ಹೊರತು ನಾ ಹೆಂಗ ಬಿಡ್ಲಿ?” ಕಚೇರಿಯವರ ಮಾತು ಅದು. ಬಾಯಿಮಾತು ತಿಳಿಯದಿದ್ದಾಗ ಅಪ್ಪ ಕಾಗದಕ್ಕೆ ಜೋತುಬಿದ್ದಿದ್ದರು. ತರಕಾರಿ ಚೀಲವನ್ನು ನಿಧಾನವಾಗಿ ನೆಲಕ್ಕಿಟ್ಟರು. “ನಿನಗ ಅವತ್ತ ತಿಳದಿತ್ತೇನು?”

“ತಿಳದಿತ್ರಿ.”

“ಮತ್ತ ಯಾಕ ಹೇಳಲಿಲ್ಲ?”

“ನೀವು ಮಾತಾಡಾಕತ್ತಿದ್ರಿ.”

ಅಪ್ಪ ಒಳಗೆ ಹೋಗಿ ಕೈಕಾಲು ತೊಳೆದುಕೊಂಡರು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ಬುಧವಾರದ ಆಪರೇಷನ್ ಬೇಡ, ಗುರುವಾರ ಬಂದು ತೋರಿಸಿ, ಹೊಸ ದಿನ ಕೊಡುತ್ತೇವೆ ಎಂದರು. ಮೂರು ದಿನ ಅಪ್ಪ ಮತ್ತೆ ಪೇಪರನ್ನು ಮನಸ್ಸಿನಲ್ಲೇ ಓದಿದರು. ಇನ್ನು ಈ ದನಿ ಹೋಯಿತು ಎಂದು ಒಲೆಯ ಮುಂದೆ ನಿಂತು ಅತ್ತೆ.

ಗುರುವಾರ ಅದೇ ಡಾಕ್ಟರು, ಅದೇ ಅವಸರ. ಅದೇ ಚಿಲ್ಲರೆ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಅಪ್ಪನ ಸರ್ಟನ್‌ಲಿ ಬರುತ್ತದೆಂದು ನಾನು ಬ್ಯಾಗಿನ ಜಿಪ್ಪು ಹಿಡಿದೆ. ಅಪ್ಪ ಕೈಯೆತ್ತಿ ಡಾಕ್ಟರನ್ನು ನಿಲ್ಲಿಸಿದರು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, “ಏನಂದ್ರವ್ವ? ಹೇಳು” ಅಂದರು.

ಹೇಳಿದೆ. ಡಾಕ್ಟರ ಮುಂದೆ, ಕನ್ನಡದಲ್ಲಿ. ಅಪ್ಪ ಕಿಸೆಯಿಂದ ಪೆನ್ನು ತೆಗೆದು, ಮಾತ್ರೆಯ ಹೆಸರಿನ ಪಕ್ಕದಲ್ಲಿ ತಮ್ಮ ಗುಂಡು ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಬರೆದರು: ಇಂಥ ದಿನದಿಂದ ಡಿಸ್‌ಕಂಟಿನ್ಯೂ. ಚೀಟಿಯನ್ನು ಡಾಕ್ಟರ ಮುಂದಿಟ್ಟರು. ಡಾಕ್ಟರು ನಕ್ಕು ಸಹಿ ಹಾಕಿದರು.

ಎದ್ದು ಹೊರಡಬೇಕು ಅನ್ನುವಷ್ಟರಲ್ಲಿ ಅಪ್ಪ ಚೀಟಿಯನ್ನೂ ಪೆನ್ನನ್ನೂ ನನ್ನ ಕಡೆ ಸರಿಸಿ, ಖಾಲಿ ಮೂಲೆಯ ಮೇಲೆ ಬೆರಳಿಟ್ಟರು.

“ತಪಾಸಣಿ ಮಾಡಿದವರದೂ ಒಂದ್ ಸಹಿ ಬೇಕು.”