ತೊಳೆದ ಮಿಂಚುಳ್ಳಿ

ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ದಡ್ಡನಾಗಿ ಬಿಟ್ಟದ್ದಲ್ಲ. ಲೆಕ್ಕದಲ್ಲಿ ನನ್ನನ್ನು ಹಿಂದೆ ಹಾಕುವವರು ಆ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಬಿಟ್ಟದ್ದು ಒಂದು ಸತ್ತ ಹಕ್ಕಿಯ ದೆಸೆಯಿಂದ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮದು ಊರಿನ ಧಣಿಗಳೇ ನಡೆಸುತ್ತಿದ್ದ ಶಾಲೆ. ಕಾಗದದಲ್ಲಿ ಅವರು ಮೇನೇಜರರು. ನಮ್ಮ ಜಾತಿಯ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ಸರಕಾರ ಹೇಳಿದ್ದರಿಂದ ಸೇರಿಸಿಕೊಂಡಿದ್ದರು. ಬಾವಿಕಟ್ಟೆಗೆ ಮಾತ್ರ ನಾವು ಹತ್ತುವಂತಿರಲಿಲ್ಲ. ನೀರು ಬೇಕಾದರೆ ಯಾರಾದರೂ ಮೇಲಿನಿಂದ ಬೊಗಸೆಗೆ ಹೊಯ್ಯಬೇಕು. ಅಪ್ಪ ನಾನು ಚಿಕ್ಕವನಿರುವಾಗಲೇ ತೀರಿಕೊಂಡಿದ್ದ. ಅಮ್ಮ ಧಣಿಗಳ ಗದ್ದೆಯ ಕೆಲಸದಿಂದಲೇ ನನ್ನನ್ನು ಸಾಕುತ್ತಿದ್ದಳು.

ಆ ವರ್ಷ ಹೊಸತಾಗಿ ಬಂದ ಮಾಸ್ಟ್ರು ಹುಮ್ಮಸ್ಸಿನ ಮನುಷ್ಯ. ದೂರದ ಪಟ್ಟಣದ ಮ್ಯೂಸಿಯಂಗೆ ಬರೆದು ಒಂದು ಪೆಟ್ಟಿಗೆ ತರಿಸಿದರು. ತಿಂಗಳ ಮಟ್ಟಿಗೆ ಎರವಲು, ಆಮೇಲೆ ವಾಪಸು ಕೊಡಬೇಕು. ಬೆಂಚಿನ ಮೇಲೆ ತಮ್ಮದೇ ಬಿಳಿ ಪಂಚೆ ಹಾಸಿ ಜೋಡಿಸಿದರು: ಹಳೆಯ ಕಾಲದ ಕಲ್ಲಿನ ಕೊಡಲಿ, ತಾಮ್ರದ ನಾಣ್ಯಗಳು, ಒಂದು ಶಂಖ, ಮತ್ತೆ ಮರದ ತುಂಡಿನ ಮೇಲೆ ಕೂತ ಮಿಂಚುಳ್ಳಿ. ಒಳಗೆ ನಾರು ತುಂಬಿಸಿ ಒಣಗಿಸಿದ್ದು. ಕಣ್ಣಿನ ಜಾಗದಲ್ಲಿ ಗಾಜಿನ ಮಣಿ.

"ನೋಡಿದ್ರೆ ಸಾಲದು, ಮುಟ್ಬೇಕು. ಮುಟ್ಟದೆ ಎಂತ ಗೊತ್ತಾಗ್ತದೆ?" ಎಂದರು ಮಾಸ್ಟ್ರು. ಎಲ್ಲರೂ ಸಾಲಾಗಿ ಹೋದರು. ಆ ಮಾತು ನನಗೂ ಸೇರಿದ್ದೆಂದು ಅನಿಸದೆ ನಾನು ಹಿಂದಿನ ಬೆಂಚಿನಲ್ಲಿ ಕೈ ಕಟ್ಟಿ ಕೂತೇ ಇದ್ದೆ.

"ಬಾ ಮಾರಾಯ, ನಿನಗೆ ಎಂತ, ಮನೆಗೆ ಬಂದು ಕರೆದು ಹೇಳಿಕೆ ಕೊಡ್ಬೇಕಾ?"

ಹೋದೆ. ಮಿಂಚುಳ್ಳಿಯನ್ನು ಎರಡೂ ಕೈಯಲ್ಲಿ ಎತ್ತಿದೆ. ತೋಡಿನ ನೀರಿನ ಬದಿಯಲ್ಲಿ ದಿನಾ ಕಾಣುತ್ತಿದ್ದ ಹಕ್ಕಿ. ಹತ್ತಿರ ಹೋದರೆ ನೀಲಿಯ ಒಂದು ಗೆರೆ ಎಳೆದು ಮಾಯವಾಗುವಂಥದ್ದು. ಈಗ ಹೆಬ್ಬೆರಳಿನಲ್ಲಿ ಬೆನ್ನು ಸವರಿದರೂ ಕೂತೇ ಇತ್ತು. ಭಾರವೇ ಇರಲಿಲ್ಲ. ಒಣಗಿದ ಎಲೆ ಹಿಡಿದ ಹಾಗೆ. ಇಷ್ಟು ಹಗುರದ ಜೀವ ಅಷ್ಟು ರಭಸದಲ್ಲಿ ನೀರಿಗೆ ಹೇಗೆ ಬೀಳುತ್ತದೆ ಎಂದು ಕೇಳಬೇಕೆಂದಿದ್ದೆ.

ಧಣಿಗಳ ಮೊಮ್ಮಗ ನಮ್ಮ ಕ್ಲಾಸಿನವನೇ. ಮನೆಗೆ ಹೋಗಿ ಹೇಳಿದನೆಂದು ಕಾಣುತ್ತದೆ. ಮರುದಿನ ಬೆಳಿಗ್ಗೆಯೇ ಧಣಿಗಳ ಮನೆಯ ಆಳು ಬಂದ.

"ಅಪ್ಪಣೆ ಆಗಿದೆ ಮಾಸ್ಟ್ರೇ. ಇದನ್ನೆಲ್ಲ ತೊಳೀಬೇಕಂತೆ. ಇಲ್ಲದಿದ್ರೆ ಸಣ್ಣ ಧಣಿಗಳು ಇನ್ನು ಮುಟ್ಲಿಕ್ಕಿಲ್ಲ."

"ಹಕ್ಕಿಯನ್ನು ಬಿಡು. ಹಾಳಾದೀತು."

"ಎಂತ ಹಾಳು! ನೀರಿನ ಹಕ್ಕಿಯಲ್ವಾ ಅದು? ಬದುಕಿಡೀ ಮುಳುಗಿದ್ದಕ್ಕೆ ಇನ್ನೊಂದು ಸ್ನಾನ ಹೆಚ್ಚಾಗ್ತದಾ?"

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಮಾಸ್ಟ್ರು ಬೋರ್ಡಿನ ಕಡೆ ತಿರುಗಿ ನಿಂತರು. ಆಳು ಎಲ್ಲವನ್ನೂ ಬಾವಿಕಟ್ಟೆಗೆ ಒಯ್ದು, ಕಲ್ಲಿನ ಕೊಡಲಿಯನ್ನು ತಿಕ್ಕಿ ತೊಳೆದು, ಮಿಂಚುಳ್ಳಿಯ ಮೇಲೆ ಕೊಡಪಾನ ತುಂಬ ನೀರು ಸುರಿದ. ಆಮೇಲೆ ಬಿಸಿಲಿಗಿಟ್ಟ. ವಾರ ಕಳೆಯುವ ಮೊದಲೇ ಅದು ನಾರತೊಡಗಿತು. ರೆಕ್ಕೆಯ ನೀಲಿ ಉದುರಿತು, ಹೊಟ್ಟೆಯ ಚರ್ಮ ಬಿರಿದು ನಾರು ಹೊರಗೆ ಬಂತು. ಮಾಸ್ಟ್ರು ಅದನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು.

ಮ್ಯೂಸಿಯಂನವರು ಬರುವ ಮುಂಚಿನ ಸಂಜೆ ಮಾಸ್ಟ್ರು ನನ್ನನ್ನು ಶಾಲೆಯ ಹಿಂದೆ ಕರೆದರು.

"ಹಕ್ಕಿ ನಿನ್ನ ಕೈ ತಪ್ಪಿ ನೀರಿಗೆ ಬಿತ್ತು ಅಂತ ಒಂದು ಮಾತು ಹೇಳು. ಮಕ್ಕಳು ಅಂತ ಬಿಟ್ಟುಬಿಡ್ತಾರೆ. ಧಣಿಗಳಿಗೂ ಸಮಾಧಾನ ಆಗ್ತದೆ. ನಿನ್ನನ್ನು ಮುಂದೆ ದೊಡ್ಡ ಶಾಲೆಗೆ ಸೇರಿಸುವುದು ನನ್ನ ಜವಾಬ್ದಾರಿ."

"ಬೀಳಿಸ್ಲಿಕ್ಕೆ ನಾನು ಬಾವಿಕಟ್ಟೆ ಹತ್ತಿದ್ದು ಯಾವಾಗ ಮಾಸ್ಟ್ರೇ?"

ಅವರು ನೆಲ ನೋಡಿದರು. ಕೆಟ್ಟವರಲ್ಲ ಅವರು. ಆದರೆ ಅವರ ಹೊಟ್ಟೆಪಾಡೂ ಅದೇ ಧಣಿಗಳ ಕೈಯಲ್ಲಿತ್ತು.

ಮರುದಿನ ಮ್ಯೂಸಿಯಂನ ಮನುಷ್ಯ ಪೆಟ್ಟಿಗೆ ತೆರೆದು ಮೂಗು ಮುಚ್ಚಿಕೊಂಡ. ಶಾಲೆಯ ಜಗಲಿಯ ಕುರ್ಚಿಯಲ್ಲಿ ಧಣಿಗಳು ಕೂತಿದ್ದರು. "ಇದು ಹೇಗಾಯ್ತು?" ಎಂದು ಅವನು ಕೇಳಿದಾಗ ಮಾಸ್ಟ್ರು ನನ್ನ ಮುಖ ನೋಡಿದರು. ಎದ್ದು ನಿಂತೆ.

"ನಾನು ಮುಟ್ಟಿದ್ದು ಹೌದು. ತೊಳೆದದ್ದು ನಾನಲ್ಲ."

"ತೊಳೆದರಾ? ಹಕ್ಕಿಯನ್ನಾ? ಯಾಕೆ?"

ಅದಕ್ಕೆ ಉತ್ತರ ಗೊತ್ತಿಲ್ಲದವನು ಅಲ್ಲಿ ಅವನೊಬ್ಬನೇ. ಕಾದ. ಒಮ್ಮೆ ನನ್ನನ್ನು, ಒಮ್ಮೆ ಜಗಲಿಯನ್ನು ನೋಡಿ, ಇನ್ನೇನೂ ಕೇಳದೆ ಮುಚ್ಚಳ ಹಾಕಿದ.

ಮಾರನೆಯ ದಿನ ಗದ್ದೆಗೆ ಇಳಿಯುವ ಮೊದಲೇ ಹುಣಿಯ ಬದುವಿನಲ್ಲಿ ಅಮ್ಮನನ್ನು ನಿಲ್ಲಿಸಿದರು. "ಆಫೀಸರನ ಎದುರು ಮಾತಾಡುವಷ್ಟು ಮಗ ದೊಡ್ಡವನಾಗಿದ್ದಾನಲ್ಲ, ಅವನೇ ಸಾಕಲಿ," ಎಂದನಂತೆ ಅದೇ ಆಳು. ಬೇರೆ ಯಾರೂ ಅವಳನ್ನು ತಮ್ಮ ಗದ್ದೆಗೆ ಕರೆಯಲಿಲ್ಲ. ಅಮ್ಮ ಬೈಯಲಿಲ್ಲ. ಇದ್ದ ಗಂಜಿಯನ್ನು ನನಗೇ ಬಡಿಸಿ, "ಒಂದು ಸುಳ್ಳು ಹೇಳಿದ್ರೆ ಬಾಯಿಗೆ ಹುಳ ಬೀಳ್ತಿತ್ತಾ ಮಗಾ?" ಎಂದಳು. ತಾನು ಉಣ್ಣಲಿಲ್ಲ.

ಬಾಯಾರು ಎಂಬ ಊರಿನ ಕಡೆ ಕೆಂಪುಕಲ್ಲು ಕಡಿಯುವ ಪಣೆಗೆ ಸೇರಿದೆ. ಮೊದಲ ದಿನಗಳಲ್ಲಿ ಅಂಗೈ ಒಡೆದು ಕೊಡಲಿಯ ಹಿಡಿ ಅಂಟಿಕೊಳ್ಳುತ್ತಿತ್ತು. ಮಾಸ್ಟ್ರು ಹೇಳಿದ್ದು ನಿಜ, ಮುಟ್ಟದೆ ಗೊತ್ತಾಗುವುದಿಲ್ಲ. ಕಲ್ಲು ನನಗೆ ಹಾಗೆಯೇ ಗೊತ್ತಾಯಿತು. ಮೀಸೆ ಮೂಡುವ ಹೊತ್ತಿಗೆ ಜನ ನನ್ನ ಕಲ್ಲೇ ಬೇಕೆಂದು ಕೇಳುತ್ತಿದ್ದರು. ಅಮ್ಮ ಮಾತ್ರ ಅಲ್ಲಿಯವರೆಗೆ ಬದುಕಲಿಲ್ಲ.

ಶಾಲೆಗೆ ಹೊಸ ಕೋಣೆ ಕಟ್ಟುವಾಗಲೂ ನನ್ನದೇ ಕಲ್ಲು ಹೋಯಿತು. ಗಾಡಿ ಅಂಗಳಕ್ಕೆ ಬಂದಾಗ ಆ ಆಳೇ ಬಾವಿಕಟ್ಟೆಯಲ್ಲಿ ಕೂತಿದ್ದ. ತಲೆ ನೆರೆತಿತ್ತು.

"ಇಲ್ಲೇ ಇಳಿಸು," ಎಂದ.

"ತೊಳೀಲಿಕ್ಕೆ ಉಂಟಾ?" ಎಂದೆ.

ಗುರುತು ಸಿಗಲಿಲ್ಲ ಅವನಿಗೆ. "ಕಲ್ಲಿಗೆ ಎಂತ ಮೈಲಿಗೆ ಮಾರಾಯ?" ಎಂದು ನಕ್ಕ.

ಅಂದು ಇವನೇ ಕಲ್ಲಿನ ಕೊಡಲಿಯನ್ನೂ ತಿಕ್ಕಿ ತೊಳೆದಿದ್ದ. ನಾನು ನಗಲಿಲ್ಲ. ಗಾಡಿಯ ಹಗ್ಗ ಬಿಚ್ಚಿ ಒಂದೊಂದೇ ಕಲ್ಲು ಇಳಿಸತೊಡಗಿದೆ.