ಬಹುವಚನದ ಬಹುಮಾನ

ಮಲೆನಾಡಿನ ಶಿಶುಶಿಕ್ಷಣದ ಮಾತು ಬಂದಾಗ, ದೊಡ್ಡ ಗ್ರಂಥಗಳನ್ನು ಬರೆಯದೆ, ದೊಡ್ಡ ವೇದಿಕೆಗಳನ್ನು ಏರದೆ, ಚಿಕ್ಕ ಮಕ್ಕಳ ಮುಂದೆ ಮಂಡಿಯೂರಿಯೇ ಹೆಸರಾದ ಶ್ರೀಮತಿ ಹುಲಿಯಮ್ಮನವರನ್ನು ಮೊದಲು ನೆನೆಯಬೇಕು. ತೀರ್ಥಹಳ್ಳಿ ಸೀಮೆಯ ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿ, ಹಟ ಹಿಡಿದು ಓದಿ, ಲಿಂಗನಮಕ್ಕಿ ಅಣೆಕಟ್ಟು ಮೇಲೇಳುತ್ತಿದ್ದ ಅರವತ್ತರ ದಶಕದ ಮೊದಲಲ್ಲಿ ಅವರು ಕಾರ್ಗಲ್ಲಿನ ಕಾಲೊನಿಯ ಶಿಶುವಿಹಾರಕ್ಕೆ ಬಂದಾಗ, ಹೆಸರಿನಲ್ಲಿದ್ದ ಹುಲಿ ದನಿಯಲ್ಲಿರಲಿಲ್ಲ.

ಅಲ್ಲಿ ಓವರ್ಸಿಯರರ ಮಕ್ಕಳೂ ಕಲ್ಲು ಒಡೆಯುವವರ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಕೂರುತ್ತಿದ್ದರೆಂಬುದು ಗೌರವದ ಮಾತು, ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಜಾಣರಾಗಿದ್ದವರಿಗೆ ಪೆಪ್ಪರಮಿಂಟು ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಓವರ್ಸಿಯರ್ ದುಗ್ಗಪ್ಪನವರ ಮಗ ನಾಗರಾಜಪ್ಪ ಪೆಪ್ಪರಮಿಂಟಿನ ಜೊತೆಗೆ ಅದನ್ನು ಹಿಡಿದಿದ್ದ ಪುಟ್ಟ ಹುಡುಗಿ ಹಾಲಮ್ಮನ ಬೆರಳನ್ನೂ ಕಚ್ಚಿದ ದಿನ, ಹುಲಿಯಮ್ಮನವರು ಡಬ್ಬಿಯನ್ನು ಅಟ್ಟಕ್ಕೇರಿಸಿ, ತಿನ್ನಲಾಗದ, ಕಸಿಯಲೂ ಆಗದ ಬಹುಮಾನವೊಂದನ್ನು ಕಂಡುಕೊಂಡರು. ದಿನವೆಲ್ಲ ಜಾಣತನದಿಂದಿದ್ದ ಮಗುವನ್ನು ಮರುದಿನ ಪೂರ್ತಿ ಬಹುವಚನದಲ್ಲೇ ಮಾತನಾಡಿಸುವುದು.

ಮೊದಲ ಗೌರವ ಕಲ್ಲು ಒಡೆಯುವವರ ಮಗಳಾದ ಅದೇ ಹಾಲಮ್ಮನಿಗೆ ಸಂದಿತು. “ಹಾಲಮ್ಮನವರೇ, ದಯಮಾಡಿಸಿ. ತಮ್ಮ ಮೂಗು ಒರೆಸಬಹುದೇ?” ಎಂದು ಟೀಚರು ಕೇಳಿದರೆ, ಐದು ವರ್ಷದ ಆ ಮಹನೀಯರು ಮುಖವೊಡ್ಡಿ “ಹೂಂ, ಒರ್ಸಿ” ಎಂದು ಅಪ್ಪಣೆ ಕೊಟ್ಟರು. ಕೆಲವೇ ದಿನಗಳಲ್ಲಿ ಚಾಪೆಯ ಮೇಲೆ ಎಂಥ ಶಾಂತಿ ನೆಲೆಸಿತೆಂದರೆ, ಆಯಾ ದುರ್ಗಮ್ಮ ಜ್ವರವೇನೋ ಎಂದು ಮಕ್ಕಳ ಹಣೆ ಮುಟ್ಟಿ ನೋಡಿದರು.

ಆಪತ್ತು ಬಂದದ್ದು ಬೀದಿಯಲ್ಲಿ. ಒಂದು ಸಂಜೆ ದುಗ್ಗಪ್ಪನವರು “ಏ ಹುಡುಗಿ, ಸರಿ ಆಚೆ” ಎಂದಾಗ ಹಾಲಮ್ಮ ಅಲ್ಲಾಡದೆ, “ಇವತ್ತು ನಂಗೆ ಸರೀರಿ ಅನ್ಬೇಕು” ಎಂದುಬಿಟ್ಟಳು. ಕೂಲಿಯವರ ಮಕ್ಕಳಿಗೆ ದೊಡ್ಡಸ್ತಿಕೆ ಕಲಿಸುವ ಟೀಚರು ಕಾಲೊನಿಗೆ ಬೇಡ, ನಾಳೆಯೇ ಬಂದು ಮನೆಗೆ ಕಳಿಸುತ್ತೇನೆ ಎಂದು ದುಗ್ಗಪ್ಪನವರು ಊರೆಲ್ಲ ಸಾರಿದರು. ಹುಲಿಯಮ್ಮನವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ಸಂಬಳವನ್ನೇ ನೆಚ್ಚಿದ ಮನೆಯೊಂದು ಹುಟ್ಟೂರಲ್ಲಿತ್ತು.

ಆದರೆ ಮರುದಿನದ ಬಹುವಚನ, ಹುಟ್ಟಿದ ಮೇಲೆ ಮೊದಲ ಬಾರಿಗೆ ಇಡೀ ದಿನ ಯಾರನ್ನೂ ಕಚ್ಚದಿದ್ದ ನಾಗರಾಜಪ್ಪನ ಪಾಲಿಗೆ ಬಂದಿತ್ತು. ಬಾಗಿಲಲ್ಲಿ ದುಗ್ಗಪ್ಪನವರು ಕಾಣಿಸಿಕೊಂಡರು. ಹೋಗುವ ಕೆಲಸ ಹೇಗೂ ಹೋಗಲಿ, ಕೊಟ್ಟ ಮಾತು ಉಳಿಯಲಿ ಎಂದು ಹುಲಿಯಮ್ಮನವರು ನಡುಗುವ ದನಿಯಲ್ಲೇ ಕೇಳಿದರು: “ನಾಗರಾಜಪ್ಪನವರೇ, ತಮ್ಮ ತಂದೆಯವರು ಬಂದಿದ್ದಾರೆ. ಒಳಗೆ ಕರೆಯೋಣವೇ?”

ನಾಗರಾಜಪ್ಪ ತಂದೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಚಪ್ಲಿ ಬಿಟ್ಟು ಬರಾಕೆ ಹೇಳಿ. ಹಾಲಮ್ಮನವ್ರ ಪಕ್ಕ ಕೂರ್ಲಿ. ಗಲಾಟೆ ಮಾಡಿದ್ರೆ ನಾಳೆ ಅವ್ರಿಗೂ ‘ಬಾರೋ’ ಅಂತೀರಿ ಅಂತ ಹೇಳ್ಬಿಡಿ.”

ದುಗ್ಗಪ್ಪನವರು ಬಾಯಿ ತೆರೆದರು. ಕೈತೊಳೆದು, ಕಾಲು ಮಡಚಿ, ಹಾಲಮ್ಮನಿಗೆ ಜಾಗ ಬಿಟ್ಟು ಕೂತಿದ್ದ ಹುಡುಗ ತಮ್ಮ ಮಗನೇ ಹೌದೇ ಎಂದು ಮತ್ತೊಮ್ಮೆ ನೋಡಿದರು. ಬಾಯಿ ಮುಚ್ಚಿ, ಚಪ್ಪಲಿ ಬಿಟ್ಟು, ಬಂದು ಕೂತರು. ಪ್ರಾರ್ಥನೆ ಮುಗಿದು ಹೊರಡುವಾಗ ಟೀಚರನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದ್ದು ಇಷ್ಟೇ: “ಭಾನುವಾರಾನೂ ಶಾಲೆ ಇಡಕ್ಕಾಗ್ತದಾ, ನೋಡಿ.”

ಮುಂದೆ ಹೊಸನಗರದಲ್ಲೂ ಸಾಗರದಲ್ಲೂ ದೀರ್ಘಕಾಲ ದುಡಿದು, ಮುಖ್ಯೋಪಾಧ್ಯಾಯಿನಿಯಾಗಿ ಈಗ ನಿವೃತ್ತರಾಗಿರುವ ಹುಲಿಯಮ್ಮನವರು, ತಮ್ಮ ಬೀದಿಯ ಮಕ್ಕಳನ್ನು ಸಂಜೆಹೊತ್ತು ಜಗಲಿಯಲ್ಲಿ ಸೇರಿಸತೊಡಗಿದ್ದಾರೆ. ಮೊದಲ ಸಂಜೆಯೇ ಅವರ ಕನ್ನಡಕ ಬಾವಿ ಸೇರಿತೆಂದು ತಿಳಿದುಬಂದಿದೆ. ಆ ಮಕ್ಕಳು ಒಂದು ಹದಕ್ಕೆ ಬರಲು ಬಹಳ ವರ್ಷ ಹಿಡಿಯುವಂತೆ ತೋರುವುದರಿಂದ, ಅಷ್ಟೂ ವರ್ಷಗಳಿಗೆ ಸಾಲುವ ಆಯುರಾರೋಗ್ಯವನ್ನು ಭಗವಂತ ಅವರಿಗೆ ಧಾರಾಳವಾಗಿ ಕರುಣಿಸಲಿ.